ಲದ್ದಿಯ ಕಾವಿನಲ್ಲಿ ಹಣ್ಣಾದ ಅನಾನಸ್: ಹೆಲಿಗನ್ ತೋಟದ ಗಾಜಿನ ಮನೆಗಳು ಮರಳಿ ಎದ್ದ ಬಗೆ

1990ರ ಜನವರಿ 25ರಂದು ಬ್ರಿಟನ್ನಿನ ಮೇಲೆ ಬೀಸಿದ ಬಿರುಗಾಳಿಗೆ ಕಾರ್ನ್‌ವಾಲ್ ಸೀಮೆಯಲ್ಲಿ ಹಳೆಯ ಮರಗಳು ಬುಡಸಮೇತ ಉರುಳಿದವು. ಮೆವಗಿಸಿ ಎಂಬ ಮೀನುಗಾರರ ಊರಿನ ಮೇಲಣ ಗುಡ್ಡದಲ್ಲಿರುವ ಹೆಲಿಗನ್ ಎಸ್ಟೇಟಿನಲ್ಲೂ ಹಾಗೆಯೇ ಆಯಿತು. ಅದಾಗಿ ಕೆಲವೇ ವಾರಗಳಿಗೆ, ಆ ಆಸ್ತಿಗೆ ವಾರಸುದಾರರಾಗಿದ್ದ ಜಾನ್ ವಿಲ್ಲಿಸ್ ಅವರು ಟಿಮ್ ಸ್ಮಿಟ್ ಎಂಬವರನ್ನು ಕರೆದುಕೊಂಡು ಕತ್ತಿಯಿಂದ ಮುಳ್ಳುಪೊದೆ ಸವರುತ್ತಾ ಒಳಗೆ ಹೊಕ್ಕರು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಸ್ಮಿಟ್ ಸಂಗೀತದ ಧ್ವನಿಮುದ್ರಣದ ಉದ್ಯಮ ಬಿಟ್ಟು ಕಾರ್ನ್‌ವಾಲ್‌ಗೆ ಬಂದಿದ್ದವರು. ಅಪರೂಪದ ತಳಿಯ ದನಕರುಗಳನ್ನು ಸಾಕಲು ಜಾಗ ಹುಡುಕುತ್ತಿದ್ದರು. ಅವರಿಗೆ ಅಲ್ಲಿ ಕಂಡದ್ದು ಇಟ್ಟಿಗೆಯ ಎತ್ತರದ ಗೋಡೆಗಳು, ಅವುಗಳಿಗೆ ಒರಗಿಕೊಂಡಿದ್ದ ಮುರುಕು ಮರದ ಚೌಕಟ್ಟುಗಳು, ಕಾಲಿಟ್ಟಲ್ಲೆಲ್ಲ ಒಡೆದ ಗಾಜು.

ಆ ತೋಟವನ್ನು ಇಂದು ವರ್ಷಕ್ಕೆ ಲಕ್ಷಗಟ್ಟಲೆ ಜನ ನೋಡಿ ಹೋಗುತ್ತಾರೆ. ಕಳೆದುಹೋದ ತೋಟ ಸಿಕ್ಕಿತು ಎಂಬ ಕಥೆಯಾಗಿ ಅದು ಸಾಕಷ್ಟು ಪ್ರಸಿದ್ಧವಾಗಿದೆ. ನಾನು ಇಲ್ಲಿ ನೋಡಬಯಸುವುದು ಆ ಕಥೆಯ ಒಂದು ಭಾಗವನ್ನು ಮಾತ್ರ: ಗೋಡೆಯ ಒಳಗಿನ ಗಾಜಿನ ಮನೆಗಳನ್ನು. ಹಳೆಯ ಗಾಜಿನ ಮನೆಯನ್ನು ಉಳಿಸಲು ಹೊರಟವರು ಸಾಮಾನ್ಯವಾಗಿ ಅದನ್ನು ಕಟ್ಟಡವೆಂದು ನೋಡುತ್ತಾರೆ. ಮರ ಬದಲಿಸಿ, ಗಾಜು ಹಾಕಿ, ಬಿಳಿ ಬಣ್ಣ ಬಳಿದು, ಒಳಗೆ ನಾಲ್ಕು ಮೇಜು ಇಟ್ಟು ಚಹಾ ಕೊಡುತ್ತಾರೆ. ಹೆಲಿಗನ್‌ನಲ್ಲಿ ಅದನ್ನು ಕೆಲಸವೆಂದು ನೋಡಿದರು. ಈ ಒಂದು ತೀರ್ಮಾನದಿಂದ ಮುಂದಿನದೆಲ್ಲ ಹೇಗೆ ಬದಲಾಯಿತು ಎಂಬುದೇ ಈ ಪ್ರಕರಣದ ತಿರುಳು.

ಗೋಡೆಯ ಒಳಗಿನ ಲೆಕ್ಕಾಚಾರ

ಬ್ರಿಟನ್ನಿನ ಹಳ್ಳಿಗಾಡಿನ ದೊಡ್ಡ ಎಸ್ಟೇಟ್ ಮನೆಯೆಂದರೆ ಒಡೆಯನ ಕುಟುಂಬ, ಅತಿಥಿಗಳು, ಆಳುಕಾಳುಗಳು ಎಲ್ಲ ಸೇರಿ ದಿನವೂ ಬಹಳಷ್ಟು ಬಾಯಿಗಳು ಉಣ್ಣುವ ಮನೆ. ಪೇಟೆ ದೂರ. ತರಕಾರಿ, ಹಣ್ಣು, ಹೂವು ಎಲ್ಲವೂ ಎಸ್ಟೇಟಿನ ತೋಟದಿಂದಲೇ ಬರಬೇಕು. ಚಳಿಗಾಲವಾದರೂ ನಿಲ್ಲುವಂತಿಲ್ಲ. ಕುಟುಂಬ ಲಂಡನ್ನಿಗೆ ಹೋದರೆ ಬುಟ್ಟಿಗಳು ರೈಲಿನಲ್ಲಿ ಹಿಂದೆಯೇ ಹೋಗಬೇಕು. ಅದಕ್ಕಾಗಿ ಕಟ್ಟಿದ್ದೇ ಗೋಡೆಯ ತೋಟ. ಮೂರು ಮೀಟರಿಗೂ ಎತ್ತರದ ಇಟ್ಟಿಗೆ ಗೋಡೆ ಗಾಳಿಯನ್ನು ತಡೆಯುತ್ತದೆ, ಜಿಂಕೆ ಮೊಲಗಳನ್ನು ತಡೆಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಮೆಲ್ಲಗೆ ಹೊರಬಿಡುತ್ತದೆ. ಆ ಅಕ್ಷಾಂಶದಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲೇ ಓಡಾಡುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಒಂದೊಂದು ಅಡಿಗೂ ಬೆಲೆ. ಗಾಜಿನ ಮನೆಗಳು ಆ ಗೋಡೆಗೇ ಒರಗಿ ನಿಲ್ಲುತ್ತಿದ್ದವು. ಇಳಿಜಾರು ಚಾವಣಿ, ಹಿಂದೆ ಇಟ್ಟಿಗೆ, ಮುಂದೆ ಮೇಲೆ ಗಾಜು.

ಅದೇ ಗೋಡೆಯ ಹಿಂಬದಿ, ಬಿಸಿಲು ಸುಳಿಯದ ಉತ್ತರದ ಮಗ್ಗುಲಲ್ಲಿ ಸಾಲಾಗಿ ಮಾಡು ಇಳಿಸಿದ ಕೋಣೆಗಳು: ಬಾಯ್ಲರ್ ಕೋಣೆ, ಕುಂಡ ತುಂಬುವ ಕೋಣೆ, ಅಣಬೆ ಬೆಳೆಸುವ ಕತ್ತಲ ಕೋಣೆ, ಹಣ್ಣು ಕೂಡಿಡುವ ಕೋಣೆ, ಮದುವೆಯಾಗದ ಕಿರಿಯ ತೋಟಗಾರರು ಮಲಗುವ ಬಿಡಾರ. ಬಿಸಿಲಿನ ಪಾಲು ಗಿಡಕ್ಕೆ, ಥಂಡಿಯ ಪಾಲು ಆಳಿಗೆ. ಈ ತೋಟಗಳ ನಕ್ಷೆಯನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಆ ಹಿಂಬದಿಯ ಸಾಲಿಗೆ. ಮುಂದಿನ ಗಾಜು ಎಷ್ಟೇ ಚೆಂದವಿದ್ದರೂ ಅದನ್ನು ನಡೆಸುತ್ತಿದ್ದದ್ದು ಅಲ್ಲಿಂದ.

ಗಾಜು ಆಗ ಸುಲಭದ ಸರಕಾಗಿರಲಿಲ್ಲ. 1740ರ ದಶಕದ ನಡುವಿನಿಂದ ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ತೆರಿಗೆಯಿತ್ತು. ನೂರು ವರ್ಷಗಳ ಕಾಲ ಗಾಜಿನ ಚಾವಣಿಯೆಂಬುದು ಸಿರಿವಂತಿಕೆಯ ಸಾರ್ವಜನಿಕ ಪ್ರದರ್ಶನವೇ ಆಗಿತ್ತು. 1845ರಲ್ಲಿ ಆ ತೆರಿಗೆ ರದ್ದಾಯಿತು. ಅಷ್ಟರಲ್ಲಿ ಚಾನ್ಸ್ ಬ್ರದರ್ಸ್ ಕಾರ್ಖಾನೆ ದೊಡ್ಡ ಹಾಳೆಗಳ ಗಾಜನ್ನು ತಯಾರಿಸುವುದನ್ನು ಕರಗತ ಮಾಡಿಕೊಂಡಿತ್ತು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆಂದು ಎದ್ದ ಗಾಜಿನ ಭವನ ಕ್ರಿಸ್ಟಲ್ ಪ್ಯಾಲೇಸ್‌ಗೆ ಸುಮಾರು 3 ಲಕ್ಷ ಹಾಳೆ ಗಾಜು ಕೊಟ್ಟದ್ದು ಅದೇ ಕಾರ್ಖಾನೆ. ಅದನ್ನು ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಕೂಡ ಮೂಲತಃ ಎಸ್ಟೇಟ್ ತೋಟಗಾರರೇ. 1826ರಲ್ಲಿ, ಇನ್ನೂ 22ರ ಹರೆಯದಲ್ಲಿ, ಡರ್ಬಿಶೈರಿನ ಚಾಟ್ಸ್‌ವರ್ತ್‌ನ ಹಿರಿಯ ತೋಟಗಾರರಾಗಿ ಸೇರಿದವರು. 1858ರಲ್ಲಿ ಅವರು ಒಂದು ಪೇಟೆಂಟ್ ಪಡೆದರು. ಸಿದ್ಧ ಚೌಕಟ್ಟುಗಳನ್ನು ಸಾಲಾಗಿ ಜೋಡಿಸಿ, ನಡುನಡುವೆ ಗಾಳಿಗಾಗಿ ತೆರೆಯಬಲ್ಲ ಹಲಗೆ ಇಟ್ಟು, ಬೇಕೆಂದಾಗ ಬಿಚ್ಚಿ ಬೇರೆಡೆಗೆ ಒಯ್ಯಬಹುದಾದ ಅಗ್ಗದ ಗಾಜಿನ ಮನೆ ಅದು. ಅಂಥದ್ದೊಂದು ಹೆಲಿಗನ್‌ಗೂ ಬಂತು. ಅಲ್ಲಿನ ಹೂದೋಟದ ಗೋಡೆಗೆ ಒರಗಿರುವ ದ್ರಾಕ್ಷಿ ಮನೆ ಅದೇ ಮಾದರಿಯದು.

ಈ ಗಾಜಿನ ಚಾವಣಿಗಳಲ್ಲಿ ಮೆಚ್ಚಬೇಕಾದ ಸಣ್ಣ ಜಾಣ್ಮೆಯೊಂದಿದೆ. ಹಂಚಿನ ಮಾಡಿನಂತೆ ಗಾಜಿನ ಹಾಳೆಗಳು ಒಂದರ ಮೇಲೊಂದು ಸ್ವಲ್ಪ ಚಾಚಿಕೊಂಡಿರುತ್ತವೆ. ಹಲವು ಕಡೆ ಹಾಳೆಯ ಕೆಳ ಅಂಚನ್ನು ನೇರವಾಗಿ ಕತ್ತರಿಸದೆ ದುಂಡಗೆ ಕತ್ತರಿಸಿರುತ್ತಾರೆ. ಮಳೆನೀರು ಆ ದುಂಡು ಅಂಚಿನ ಗುಂಟ ನಡುವಿಗೆ ಸರಿದು ಮುಂದಿನ ಹಾಳೆಯ ಮಧ್ಯಕ್ಕೆ ಬೀಳುತ್ತದೆ. ಎರಡು ಬದಿಯ ಮರದ ಪಟ್ಟಿ ಒದ್ದೆಯಾಗುವುದು ಕಡಿಮೆಯಾಗುತ್ತದೆ. ಗಾಜಿನ ಮನೆಯನ್ನು ಕೊಲ್ಲುವುದು ಮರಕ್ಕೆ ಇಳಿಯುವ ನೀರು ಎಂಬುದನ್ನು ಆ ಬಡಗಿಗಳು ಚೆನ್ನಾಗಿ ಅರಿತಿದ್ದರು.

ಇನ್ನು ಕಾವು. ಆರಂಭದಲ್ಲಿ ಗೋಡೆಯೊಳಗೇ ಟೊಳ್ಳು ಬಿಟ್ಟು ಅದರಲ್ಲಿ ಹೊಗೆ ಹರಿಸುತ್ತಿದ್ದರು. 19ನೇ ಶತಮಾನದಲ್ಲಿ ಬಿಸಿನೀರಿನ ಕೊಳವೆ ಬಂತು. ಬಾಯ್ಲರಿನಲ್ಲಿ ಕಾದ ನೀರು ಹಗುರಾಗಿ ಮೇಲೇರುತ್ತದೆ, ಎರಕದ ಕಬ್ಬಿಣದ ದಪ್ಪ ಕೊಳವೆಗಳಲ್ಲಿ ಮನೆಯ ಸುತ್ತ ಹರಿದು, ತಣ್ಣಗಾಗಿ ಭಾರವಾಗಿ, ಕೆಳಗಿನ ಕೊಳವೆಯಿಂದ ಮತ್ತೆ ಬಾಯ್ಲರಿಗೆ ಬರುತ್ತದೆ. ಪಂಪು ಬೇಕಿಲ್ಲ. ಕಲ್ಲಿದ್ದಲು ಬೇಕು, ಅದನ್ನು ರಾತ್ರಿಯಿಡೀ ಹಾಕುವ ಕೈ ಬೇಕು. ಹಿಮ ಬೀಳುವ ರಾತ್ರಿ ಬೆಂಕಿ ಆರಿದರೆ ಮೂರು ವರ್ಷದ ಆರೈಕೆ ಬೆಳಗಾಗುವುದರೊಳಗೆ ಕಪ್ಪಾಗಿ ಬಿದ್ದಿರುತ್ತಿತ್ತು. ಬಿಡಾರದಲ್ಲಿದ್ದ ಹುಡುಗರು ಸರದಿಯ ಮೇಲೆ ಎದ್ದು ಹೋಗುತ್ತಿದ್ದರು.

ಹಗಲಿನ ಕೆಲಸವೂ ಅಷ್ಟೇ ಬಿಗಿ. ದ್ರಾಕ್ಷಿ ಮನೆಯ ಮುಂಗೋಡೆಯನ್ನು ನೆಲಮಟ್ಟದಲ್ಲಿ ಕಮಾನು ಬಿಟ್ಟು ಕಟ್ಟಿ, ಬೇರು ಹೊರಗಿನ ಮಣ್ಣಿಗೂ ಹರಡುವಂತೆ ಮಾಡುತ್ತಿದ್ದರು. ಬಳ್ಳಿ ಮಾತ್ರ ಒಳಗೆ ಗಾಜಿನ ಕೆಳಗೆ ಏರುತ್ತಿತ್ತು. ಚಳಿಗಾಲದಲ್ಲಿ ಬಳ್ಳಿಯ ಸಡಿಲ ತೊಗಟೆಯನ್ನು ಕೆರೆದು, ಅಡಗಿದ ಹಿಟ್ಟು ತಿಗಣೆಯನ್ನು ತೆಗೆಯಬೇಕು. ಕಾಯಿ ಕಟ್ಟಿದ ಮೇಲೆ ಉದ್ದ ಮೂತಿಯ ಕತ್ತರಿ ಹಿಡಿದು ಪ್ರತಿ ಗೊಂಚಲಿನ ಕಾಯಿಗಳನ್ನು ತೆಳುವಾಗಿಸಬೇಕು. ಕೈ ತಗಲಿದರೆ ಹಣ್ಣಿನ ಮೇಲಿನ ಬೂದಿ ಪದರ ಅಳಿಸಿಹೋಗುತ್ತದೆ, ಆದ್ದರಿಂದ ಗೊಂಚಲನ್ನು ಕವಲು ಕಡ್ಡಿಯಿಂದ ತಿರುಗಿಸಬೇಕು. ಪೀಚ್ ಗಿಡಗಳು ಜೇನ್ನೊಣಗಳು ಹೊರಬರುವ ಮೊದಲೇ ಒಳಗೆ ಹೂ ಬಿಡುವುದರಿಂದ ಕೋಲಿನ ತುದಿಗೆ ಮೊಲದ ಬಾಲ ಕಟ್ಟಿ ಹೂವಿಂದ ಹೂವಿಗೆ ಸವರಿ ಪರಾಗಸ್ಪರ್ಶ ಮಾಡಿಸಬೇಕು. ಕರಬೂಜಕ್ಕೆ ಒಂದೊಂದು ಕಾಯಿಗೂ ಬಲೆಯ ಜೋಳಿಗೆ ಕಟ್ಟಬೇಕು. ಕಿತ್ತ ದ್ರಾಕ್ಷಿಯನ್ನು ತೊಟ್ಟಿನ ಸಮೇತ, ಇದ್ದಿಲಿನ ಚೂರು ಹಾಕಿದ ನೀರಿನ ಬಾಟಲಿಗೆ ಸಿಕ್ಕಿಸಿ ಕತ್ತಲೆ ಕೋಣೆಯಲ್ಲಿಟ್ಟು ತಿಂಗಳುಗಟ್ಟಲೆ ಕಾಪಾಡಬೇಕು. ಈ ಕೆಲಸಗಳೆಲ್ಲ ಕುಂಡ ತೊಳೆಯುವ ಹುಡುಗನಿಂದ ಹಿಡಿದು ಹಿರಿಯ ತೋಟಗಾರನವರೆಗಿನ ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ, ಕೈಯಿಂದ ಕೈಗೆ ದಾಟುತ್ತಿದ್ದವು. ಕಾಗದಕ್ಕೆ ಇಳಿದದ್ದಕ್ಕಿಂತ ಹೆಚ್ಚು ಕೈಯಲ್ಲೇ ಉಳಿಯುತ್ತಿತ್ತು.

ಬೆಂಕಿ ಆರಿದ್ದು

ಹೆಲಿಗನ್ ಆಸ್ತಿ 1569ರಿಂದ ಟ್ರೆಮೇನ್ ಕುಟುಂಬದ್ದು. ಈಗ ಜನ ನೋಡಲು ಬರುವ ತೋಟದ ರೂಪ ಮೂಡಿದ್ದು 18ನೇ ಶತಮಾನದ ಕೊನೆಯಿಂದ, ಹೆನ್ರಿ ಹಾಕಿನ್ಸ್ ಟ್ರೆಮೇನ್ ಮತ್ತು ಅವರ ನಂತರದ ಮೂರು ತಲೆಮಾರುಗಳ ಕೈಯಲ್ಲಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಅಲ್ಲಿ 22 ಜನ ತೋಟಗಾರರಿದ್ದರು. 1914ರಲ್ಲಿ ಯುದ್ಧ ಶುರುವಾಯಿತು, ತೋಟದ ಗಂಡಸರು ಸೈನ್ಯಕ್ಕೆ ಸೇರಿದರು, ಅವರಲ್ಲಿ ಹಲವರು ಮರಳಲಿಲ್ಲ. 1916ರ ಹೊತ್ತಿಗೆ ತೋಟ ನೋಡಿಕೊಳ್ಳಲು ಉಳಿದವರು 8 ಜನ. ದೊಡ್ಡ ಮನೆಯನ್ನು ಗಾಯಗೊಂಡು ಚೇತರಿಸಿಕೊಳ್ಳುವ ಸೈನ್ಯಾಧಿಕಾರಿಗಳಿಗೆ ಬಿಟ್ಟುಕೊಟ್ಟರು. ಯುದ್ಧದ ನಂತರ ಒಡೆಯ ಜಾಕ್ ಟ್ರೆಮೇನ್ ತಮಗೆ ಪ್ರಿಯವಾಗಿದ್ದ ಇಟಲಿಗೆ ಹೊರಟುಹೋದರು. ಮನೆಯನ್ನು ಬಾಡಿಗೆಗೆ ಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಅಲ್ಲಿದ್ದರು. 1970ರ ದಶಕದಲ್ಲಿ ಮನೆ ಫ್ಲ್ಯಾಟುಗಳಾಗಿ ಮಾರಾಟವಾಯಿತು, ತೋಟ ಮಾತ್ರ ಕುಟುಂಬದ ಆಸ್ತಿಯಲ್ಲೇ ಉಳಿಯಿತು, ಯಾರೂ ತಿರುಗಿ ನೋಡದೆ.

ಈ ತೋಟಗಳ ಅವಸಾನಕ್ಕೆ ಯುದ್ಧವೊಂದನ್ನೇ ಕಾರಣವಾಗಿ ಹೇಳುವುದು ರೂಢಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. 19ನೇ ಶತಮಾನದ ಕೊನೆಯ ದಶಕಗಳಲ್ಲೇ ಹಬೆ ಹಡಗುಗಳು ಅಜೋರ್ಸ್ ದ್ವೀಪಗಳಿಂದ, ವೆಸ್ಟ್ ಇಂಡೀಸ್‌ನಿಂದ ಅನಾನಸ್ ಹೊತ್ತು ಲಂಡನ್ ಬಂದರಿಗೆ ತರುತ್ತಿದ್ದವು. ಮಾರುಕಟ್ಟೆಯಲ್ಲಿ ಕೆಲವೇ ಶಿಲ್ಲಿಂಗಿಗೆ ಸಿಗುವ ಹಣ್ಣನ್ನು ಎಸ್ಟೇಟಿನಲ್ಲಿ ಕಲ್ಲಿದ್ದಲು ಸುಟ್ಟು, ಆಳು ಇಟ್ಟು, ಎರಡು ಮೂರು ವರ್ಷ ಬೆಳೆಸುವುದು ಪ್ರತಿಷ್ಠೆಗಾಗಿ ಮಾತ್ರ ಉಳಿದಿತ್ತು. ಆಳಿನ ಕೂಲಿ ಕಡಿಮೆಯಿದ್ದಷ್ಟು ದಿನ ಆ ಪ್ರತಿಷ್ಠೆ ನಡೆಯಿತು. ಯುದ್ಧ ಆ ಆಳುಗಳನ್ನೇ ಕಸಿದುಕೊಂಡಿತು, ಕಲ್ಲಿದ್ದಲಿಗೆ ಕಡಿವಾಣ ಹಾಕಿತು. ಮೊದಲೇ ಟೊಳ್ಳಾಗಿದ್ದ ಲೆಕ್ಕ ಆಗ ಎಲ್ಲರಿಗೂ ಕಂಡಿತು.

ಚಾಟ್ಸ್‌ವರ್ತ್‌ನಲ್ಲಿ ಆದದ್ದು ಇದಕ್ಕೆ ಸಾಕ್ಷಿ. ಪ್ಯಾಕ್ಸ್‌ಟನ್ 1836ರಿಂದ 1841ರವರೆಗೆ ಅಲ್ಲಿ ಕಟ್ಟಿಸಿದ ಮಹಾ ಗಾಜಿನ ಮನೆ 277 ಅಡಿ ಉದ್ದ, 67 ಅಡಿ ಎತ್ತರವಿತ್ತು. ಕೆಳಗೆ ನೆಲಮಾಳಿಗೆಯಲ್ಲಿ ಎಂಟು ಬಾಯ್ಲರುಗಳು ಉರಿಯುತ್ತಿದ್ದವು. ಯುದ್ಧಕಾಲದಲ್ಲಿ ಅದನ್ನು ಬಿಸಿಯಾಗಿಡಲು ಕಲ್ಲಿದ್ದಲು ಸಿಗಲಿಲ್ಲ, ಒಳಗಿನ ಉಷ್ಣವಲಯದ ಗಿಡಗಳು ಸತ್ತವು. 1920ರಲ್ಲಿ ಅದನ್ನು ಸಿಡಿಮದ್ದು ಇಟ್ಟು ಉರುಳಿಸಿದರು. ಒಂದೇ ಸಲಕ್ಕೆ ಅದು ಬೀಳಲಿಲ್ಲ. ಯುರೋಪಿನ ಅತಿ ಸಿರಿವಂತ ಮನೆತನಗಳಲ್ಲೊಂದಕ್ಕೆ ಆದ ಗತಿ ಇದು. ಹೆಲಿಗನ್‌ನಂಥ ನಡುಮಟ್ಟದ ಎಸ್ಟೇಟುಗಳ ಗಾಜಿನ ಮನೆಗಳನ್ನು ಒಡೆಯುವುದಕ್ಕೂ ಯಾರೂ ಖರ್ಚು ಮಾಡಲಿಲ್ಲ. ಬಾಗಿಲು ಹಾಕಿ ಹೋದರು ಅಷ್ಟೇ. ಹಾಗೆ ಬಿಟ್ಟುಹೋದ ಕಾರಣಕ್ಕೇ ಎಪ್ಪತ್ತು ವರ್ಷಗಳ ನಂತರ ಹುಡುಕಿದವರಿಗೆ ಏನಾದರೂ ಸಿಕ್ಕಿತು.

ಬಿಟ್ಟುಹೋದ ಗಾಜಿನ ಮನೆ ಸಾಯುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬೆಂಕಿ ಆರಿದ ಮೊದಲ ಚಳಿಗಾಲದಲ್ಲೇ ಒಳಗಿನ ತೇವ ಆರುವುದಿಲ್ಲ. ಬಣ್ಣ ಬಿರುಕು ಬಿಡುತ್ತದೆ, ಗಾಜನ್ನು ಹಿಡಿದ ಪುಟ್ಟಿ ಒಣಗಿ ಉದುರುತ್ತದೆ, ಮರದ ಕೀಲುಗಳಿಗೆ ನೀರು ಇಳಿಯುತ್ತದೆ. ಕೊಳವೆಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಎರಕದ ಕಬ್ಬಿಣವನ್ನು ಸೀಳುತ್ತದೆ. ಪಟ್ಟಿ ಕೊಳೆತಾಗ ಗಾಜು ತಾನಾಗಿ ಜಾರುತ್ತದೆ. ಆ ಕಿಂಡಿಯಿಂದ ಐವಿ ಬಳ್ಳಿ ಒಳಹೊಕ್ಕು ಉಳಿದ ಗಾಜನ್ನು ಎತ್ತಿ ಒಡೆಯುತ್ತದೆ. ಕೊನೆಗೆ ನಿಲ್ಲುವುದು ಇಟ್ಟಿಗೆ ಮಾತ್ರ.

ಮರಳಿ ಕಟ್ಟುವಾಗ

ಸ್ಮಿಟ್ ಅವರ ಜೊತೆ ಸೇರಿದವರಲ್ಲಿ ಮುಖ್ಯರು ಜಾನ್ ನೆಲ್ಸನ್, ಸ್ಥಳೀಯ ಕಟ್ಟಡ ಕೆಲಸಗಾರರು. ಇಬ್ಬರೂ ತೋಟಗಾರಿಕೆ ಓದಿದವರಲ್ಲ. ಪರಂಪರೆಯ ತಳಿಗಳನ್ನು ಆರಿಸಲು, ಹಳೆಯ ಕ್ರಮವನ್ನು ತಿಳಿಸಲು ಫಿಲಿಪ್ ಮೆಕ್‌ಮಿಲನ್ ಬ್ರೌಸ್ ಅವರಂಥ ಅನುಭವಿ ತೋಟಗಾರಿಕೆ ತಜ್ಞರು ಜೊತೆಯಾದರು. ಆಸ್ತಿಯನ್ನು ಕುಟುಂಬದಿಂದ ಗುತ್ತಿಗೆಗೆ ಪಡೆದರು. 1992ರಲ್ಲಿ, ಕೆಲಸ ಇನ್ನೂ ಅರ್ಧದಲ್ಲಿದ್ದಾಗಲೇ, ಜನರಿಗೆ ಬಾಗಿಲು ತೆರೆದರು.

ದಿಕ್ಕು ನಿರ್ಧರಿಸಿದ್ದು ಒಂದು ಶೌಚಾಲಯ. ಗೋಡೆಯ ತೋಟವೊಂದರ ಮೂಲೆಯಲ್ಲಿ, ಕುಸಿದ ಮಾಡಿನಡಿ, ತೋಟದ ಆಳುಗಳು ಬಳಸುತ್ತಿದ್ದ ಪುಟ್ಟ ಕೋಣೆ ಸಿಕ್ಕಿತು. ಅದರ ಸುಣ್ಣದ ಗಾರೆಯ ಮೇಲೆ ಪೆನ್ಸಿಲ್ಲಿನಲ್ಲಿ ‘ಇಲ್ಲಿಗೆ ಮಲಗಲೋ ತೂಕಡಿಸಲೋ ಬರಬೇಡಿ’ ಎಂಬ ಸಾಲು, ಕೆಳಗೆ ಮಾಸಿದ ರುಜುಗಳು, 1914ರ ಆಗಸ್ಟ್ ಎಂಬ ತಾರೀಖು. ಯುದ್ಧ ಘೋಷಣೆಯಾದ ತಿಂಗಳು. ಕೆಲಸಕ್ಕೆ ಬಂದ ಒಂದು ದಿನ ತಮಾಷೆಗೆ ಬರೆದ ಹೆಸರುಗಳು ಆ ಗುಂಪಿನ ದಾಖಲೆಯಾಗಿ ಉಳಿದವು. ಅಲ್ಲಿಂದ ಮುಂದೆ ತಾವು ಮಾಡುತ್ತಿರುವ ಕೆಲಸ ಟ್ರೆಮೇನ್ ಒಡೆಯರ ವೈಭವವನ್ನು ಮರಳಿ ತರುವುದಕ್ಕಲ್ಲ, ಆ ರುಜು ಹಾಕಿದವರ ಕಸುಬನ್ನು ಮರಳಿ ತರುವುದಕ್ಕೆ ಎಂದು ತಂಡ ಗಟ್ಟಿ ಮಾಡಿಕೊಂಡಿತು. 2013ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಆ ಕೋಣೆಯನ್ನು ಹೆಲಿಗನ್ ತೋಟಗಾರರ ಜೀವಂತ ಸ್ಮಾರಕವೆಂದು ಮಾನ್ಯ ಮಾಡಿತು.

ಇಂಥ ಘೋಷಣೆಗಳು ಬಾಯಿಮಾತಾಗಿ ಉಳಿಯುವುದೇ ಹೆಚ್ಚು. ಇಲ್ಲಿ ಅದು ಖರ್ಚಿನ ಪಟ್ಟಿಯನ್ನು ಬದಲಿಸಿತು. ದೊಡ್ಡ ಮನೆ ಹೇಗೂ ಬೇರೆಯವರ ಪಾಲಾಗಿತ್ತು. ಅರಮನೆಯ ಮುಂದಿನ ಹುಲ್ಲುಹಾಸು ತೋರಿಸಿ ಟಿಕೆಟ್ ಮಾರುವ ದಾರಿ ಅವರಿಗೆ ಇರಲಿಲ್ಲ. ಅದು ಅವರ ಅದೃಷ್ಟವೆಂದೇ ನಾನು ತಿಳಿದಿದ್ದೇನೆ. ತರಕಾರಿ ತೋಟ, ಕರಬೂಜದ ಅಂಗಳ, ದ್ರಾಕ್ಷಿ ಮನೆ, ಪೀಚ್ ಮನೆ, ಹಿರಿಯ ತೋಟಗಾರರ ಕಚೇರಿ, ಕುಂಡದ ಕೋಣೆ, ಗೋಡೆಯೊಳಗಿನ ಜೇನುಗೂಡಿನ ಗೂಡುಗಳು ಎಲ್ಲವೂ ಮುಂಭಾಗಕ್ಕೆ ಬಂದವು. ಬೇರೆ ಕಡೆ ಸಾಮಾನು ತುಂಬಿಡುವ ಜಾಗವಾಗುವ ಹಿಂಬದಿಯ ಕೋಣೆಗಳು ಇಲ್ಲಿ ನೋಡುವ ಜಾಗಗಳಾದವು. ಚೌಕಟ್ಟುಗಳನ್ನು ಹಳೆಯ ಅಳತೆಗೆ ಹೊಸದಾಗಿ ಮಾಡಿಸಿ ಗಾಜು ಹಾಕಿದ ಮೇಲೆ ಒಳಗೆ ಮತ್ತೆ ಬಳ್ಳಿ ನೆಟ್ಟರು, ಕಾಯಿ ತೆಳುವಾಗಿಸಿದರು, ಕರಬೂಜಕ್ಕೆ ಜೋಳಿಗೆ ಕಟ್ಟಿದರು.

ಹೀಗೆ ಕೆಲಸವನ್ನು ಮೊದಲು ಮಾಡಿದ್ದರಿಂದ ಕಟ್ಟಡವೂ ಚೆನ್ನಾಗಿ ಉಳಿಯುತ್ತದೆ ಎಂಬುದು ಈ ಪ್ರಕರಣದಿಂದ ನಾನು ಕಲಿತ ಮುಖ್ಯ ಮಾತು. ಗಾಜಿನ ಮನೆಯೊಳಗೆ ದಿನವೂ ನೀರು ಹಾಕಲು, ಕಿಟಕಿ ತೆರೆಯಲು, ಮುಚ್ಚಲು ಬರುವವನೇ ಜಾರಿದ ಗಾಜನ್ನು ಮೊದಲು ಕಾಣುವವನು. ಸಡಿಲವಾದ ಪುಟ್ಟಿ ಅವನ ಕೈಗೆ ತಗಲುತ್ತದೆ. ಖಾಲಿ ನಿಂತ ಗಾಜಿನ ಮನೆಗೆ ಎಷ್ಟೇ ದುಬಾರಿ ಮರ ಹಾಕಿದರೂ ಅದನ್ನು ನೋಡಲು ಇಂಜಿನಿಯರ್ ಬರುವುದು ವರ್ಷಕ್ಕೊಮ್ಮೆ, ಅಷ್ಟರಲ್ಲಿ ನೀರು ಕೀಲಿಗೆ ಇಳಿದಾಗಿರುತ್ತದೆ.

ನಮ್ಮ ಲಾಲ್‌ಬಾಗಿನ ಗಾಜಿನ ಮನೆಯನ್ನು ಈ ಹೊತ್ತಿಗೆ ನೆನೆಯದಿರುವುದು ಕಷ್ಟ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ ಆ ಕಟ್ಟಡದ ಎರಕದ ಕಬ್ಬಿಣ ಗ್ಲಾಸ್ಗೊದ ಸಾರಸೆನ್ ಫೌಂಡ್ರಿಯಿಂದ ಬಂದದ್ದು. ಆಗ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್, ನಂತರ ಬಂದ ಕ್ರುಂಬಿಗಲ್ ಇಬ್ಬರೂ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿದವರು. ಆದರೆ ಬೆಂಗಳೂರಿನ ಹವೆಗೆ ಬಾಯ್ಲರಿನ ಹಂಗಿಲ್ಲ. ಆದ್ದರಿಂದ ಅದು ಫಲಪುಷ್ಪ ಪ್ರದರ್ಶನದ ಸಭಾಂಗಣವಾಗಿ, ಬದಿಗಳು ತೆರೆದ ಚಪ್ಪರವಾಗಿ ಬಾಳಿತು. ಅದೇ ಕಾಲದ, ಅದೇ ಕಸುಬಿನ ಕಟ್ಟಡ. ಅದಕ್ಕೆ ಕೊಟ್ಟ ಕೆಲಸ ಬೇರೆಯಾದ್ದರಿಂದ ಆಯುಷ್ಯವೂ ಬೇರೆಯಾಯಿತು.

ಅನಾನಸ್ ಗುಂಡಿ

ಹೆಲಿಗನ್‌ನ ಕರಬೂಜದ ಅಂಗಳದಲ್ಲಿ ಒಂದು ವಿಚಿತ್ರ ರಚನೆ ಸಿಕ್ಕಿತು. ನೆಲದಲ್ಲಿ ಅಕ್ಕಪಕ್ಕ ಮೂರು ಕಾಲುವೆಗಳು. ನಡುವಿನದಕ್ಕೆ ಇಳಿಜಾರು ಗಾಜಿನ ಮುಚ್ಚಳ. ನಡುಗೋಡೆಗಳ ಇಟ್ಟಿಗೆಯನ್ನು ಕಿಂಡಿ ಬಿಟ್ಟು ಬಿಟ್ಟು ಕಟ್ಟಿದ್ದರು. ಅದು ಕಲ್ಲಿದ್ದಲಿಗೂ ಹಿಂದಿನ ಕಾಲದ ಅನಾನಸ್ ಗುಂಡಿ, ಕುದುರೆ ಲದ್ದಿಯ ಕಾವಿನಿಂದ ನಡೆಯುವಂಥದ್ದು. ಬ್ರಿಟನ್ನಿನಲ್ಲಿ ಈಗ ಕೆಲಸ ಮಾಡುತ್ತಿರುವ ಇಂಥ ಗುಂಡಿ ಇದೊಂದೇ ಎನ್ನಲಾಗುತ್ತದೆ.

ಅನಾನಸ್ಸಿನ ಹಿಂದೆ ಯುರೋಪು ಬಿದ್ದ ಕಥೆ ದೊಡ್ಡದು. 1493ರಲ್ಲಿ ಕೊಲಂಬಸ್ ಗ್ವಾಡೆಲೂಪ್ ದ್ವೀಪದಲ್ಲಿ ಅದನ್ನು ಕಂಡ. ಪೋರ್ಚುಗೀಸರು 16ನೇ ಶತಮಾನದಲ್ಲೇ ಅದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು, ಬಯಲಿನಲ್ಲೇ ಬೇರೂರಿತು. 17ನೇ ಶತಮಾನದ ಆರಂಭದಲ್ಲಿ ಆಗ್ರಾದ ತೋಟದಲ್ಲಿ ವರ್ಷಕ್ಕೆ ಸಾವಿರಾರು ಅನಾನಸ್ ಬೆಳೆಯುವುದಾಗಿ ಜಹಾಂಗೀರ್ ಬರೆದುಕೊಂಡಿದ್ದಾನೆ. ಇಂಗ್ಲೆಂಡಿನಲ್ಲಿ ಮೊದಲು ಚೆನ್ನಾಗಿ ಫಲ ತೆಗೆದದ್ದು ಅದಾಗಿ ನೂರು ವರ್ಷದ ಮೇಲೆ, ರಿಚ್‌ಮಂಡ್‌ನಲ್ಲಿ ಮ್ಯಾಥ್ಯೂ ಡೆಕ್ಕರ್ ಎಂಬ ಡಚ್ ಮೂಲದ ವ್ಯಾಪಾರಿಯ ತೋಟದಲ್ಲಿ, ಹೆನ್ರಿ ಟೆಲೆಂಡೆ ಎಂಬ ತೋಟಗಾರನ ಕೈಯಿಂದ. ಚರ್ಮ ಹದಮಾಡಿ ಉಳಿದ ಓಕ್ ತೊಗಟೆಯ ಪುಡಿಯನ್ನು ಗುಂಡಿಗೆ ತುಂಬಿ, ಅದು ಹುಳಿಯುವಾಗ ಹೊಮ್ಮುವ ಮಂದ ಕಾವಿನಲ್ಲಿ ಕುಂಡಗಳನ್ನು ಹುಗಿಯುತ್ತಿದ್ದರು. ಆ ತೊಗಟೆಯ ಕಾವು ತಿಂಗಳುಗಟ್ಟಲೆ ನಿಲ್ಲುತ್ತದೆ. ಲದ್ದಿಯ ಕಾವು ಹೆಚ್ಚು ತೀಕ್ಷ್ಣ, ಆದರೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ.

ಹೆಲಿಗನ್ ಗುಂಡಿಯ ತತ್ತ್ವ ಇದರಿಂದ ಹುಟ್ಟಿದ್ದು. ಹಸಿ ಲದ್ದಿಯ ರಾಶಿ ಒಳಗೊಳಗೇ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅದನ್ನು ಬೇರಿನ ಕೆಳಗೆ ಹಾಕಿದರೆ ಗಿಡ ಬೆಂದುಹೋಗುತ್ತದೆ. ಆದ್ದರಿಂದ ಎರಡು ಬದಿಯ ಕಾಲುವೆಗಳಿಗೆ ಲದ್ದಿ ತುಂಬಿ, ಕಿಂಡಿಗೋಡೆಯ ಮೂಲಕ ಬಿಸಿ ಗಾಳಿ ಮಾತ್ರ ನಡುವಿನ ಗುಂಡಿಗೆ ತಲುಪುವಂತೆ ಮಾಡಿದ್ದರು. ಒಂದು ಬದಿಯ ಕಾವು ಇಳಿಯುತ್ತಿದ್ದಂತೆ ಅದನ್ನು ತೆಗೆದು ಹೊಸ ಲದ್ದಿ ತುಂಬಬೇಕು. ತೀರಾ ಬಿಸಿಯೇರಿದರೆ ಗಾಜಿನ ಮುಚ್ಚಳ ಸರಿಸಬೇಕು, ಹಿಮದ ರಾತ್ರಿಯಲ್ಲಿ ಮೇಲೆ ಚಾಪೆ ಹೊದಿಸಬೇಕು. ಲಾಯದಲ್ಲಿ ಕುದುರೆಗಳು ತುಂಬಿದ್ದ ಕಾಲಕ್ಕೆ ಲದ್ದಿಗೆ ಬರವಿರಲಿಲ್ಲ. 1990ರ ದಶಕದಲ್ಲಿ ಟನ್‌ಗಟ್ಟಲೆ ಹಸಿ ಲದ್ದಿ ಒದಗಿಸುವುದೇ ಮೊದಲ ಸಮಸ್ಯೆಯಾಯಿತು.

ಎರಡನೆಯ ಸಮಸ್ಯೆ ಅದಕ್ಕಿಂತ ದೊಡ್ಡದು. ಇದನ್ನು ಮಾಡಿ ನೋಡಿದ್ದವರು ಯಾರೂ ಬದುಕಿರಲಿಲ್ಲ. 18 ಮತ್ತು 19ನೇ ಶತಮಾನದ ತೋಟಗಾರಿಕೆಯ ಪುಸ್ತಕಗಳಲ್ಲಿ ವಿವರಣೆಯಿತ್ತು. ಆದರೆ ಲದ್ದಿ ಎಷ್ಟು ಒದ್ದೆಯಿರಬೇಕು, ಎಷ್ಟು ಹುಲ್ಲು ಬೆರೆತಿರಬೇಕು, ರಾಶಿಗೆ ಕೈ ಹಾಕಿದಾಗ ಎಷ್ಟು ಬಿಸಿ ತಗಲಿದರೆ ತೆಗೆಯಬೇಕು ಎಂಬುದನ್ನು ಪುಸ್ತಕದಿಂದ ಪಡೆಯಲಾಗುವುದಿಲ್ಲ. ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯಬೇಕಾಯಿತು. 1997ರಲ್ಲಿ ಗುಂಡಿ ಫಲ ಕೊಟ್ಟಿತು. ಮೊದಲ ಹಣ್ಣನ್ನು ತೋಟದವರೇ ತಿಂದರೆಂದೂ ಎರಡನೆಯದನ್ನು ಆ ವರ್ಷ ಮದುವೆಯ ಐವತ್ತನೇ ವರ್ಷ ಆಚರಿಸುತ್ತಿದ್ದ ರಾಣಿ ಎಲಿಜಬೆತ್ ಅವರಿಗೆ ಕಳುಹಿಸಿದರೆಂದೂ ಹೆಲಿಗನ್‌ನವರು ಹೇಳುತ್ತಾರೆ. ಆ ಅನುಕ್ರಮ ನನಗೆ ತುಂಬ ಇಷ್ಟವಾಯಿತು. ಲದ್ದಿ ಹೊತ್ತವರ ಬಾಯಿಗೆ ಮೊದಲು ಬಿದ್ದದ್ದು ನ್ಯಾಯ.

ಕೂಲಿ, ಲದ್ದಿ, ಗಾಜು, ಎರಡು ಮೂರು ವರ್ಷದ ಕಾಯುವಿಕೆ ಎಲ್ಲ ಸೇರಿಸಿದರೆ ಅಲ್ಲಿನ ಒಂದು ಅನಾನಸ್ ಬೀಳುವ ಬೆಲೆಗೆ ಶಿರಸಿ, ಬನವಾಸಿ ಕಡೆಯ ರೈತ ಹೊಲದ ಹಣ್ಣೆಲ್ಲ ಮಾರಲು ಒಪ್ಪಿಯಾನು. ಇದು ದುಂದಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಸ್ಪಷ್ಟ: ಅಲ್ಲ. ಅಲ್ಲಿ ಬೆಳೆಯುತ್ತಿರುವುದು ಮಾರುವ ಹಣ್ಣಲ್ಲ. ಹುಳಿಯುವ ರಾಶಿಯೊಂದರ ಕಾವನ್ನು ಕೈಯಿಂದ ಅಳೆದು ನಡೆಸುವ ತಿಳಿವಳಿಕೆ ಅಲ್ಲಿ ಬೆಳೆಯುತ್ತಿದೆ. ಇಂಧನ ಸುಡದೆ ಗಿಡವನ್ನು ಬೆಚ್ಚಗಿಡುವ ಆ ತಿಳಿವಳಿಕೆ ಒಮ್ಮೆ ಪೂರ್ತಿ ಸತ್ತುಹೋಗಿತ್ತು ಎಂಬುದೇ ಅದರ ಬೆಲೆಯನ್ನು ಹೇಳುತ್ತದೆ.

ಮರಳಿ ತರಬಾರದ್ದು

ಹೆಲಿಗನ್ ಹಳೆಯದನ್ನೆಲ್ಲ ಹಾಗೆಯೇ ಮರಳಿ ತಂದಿದೆಯೆಂದು ಯಾರಾದರೂ ಹೊಗಳಿದರೆ ಅದು ಸರಿಯಲ್ಲ, ಮತ್ತು ಹಾಗೆ ತರಲೂ ಬಾರದು. ವಿಕ್ಟೋರಿಯಾ ಕಾಲದ ಗಾಜಿನ ಮನೆ ನಡೆಯುತ್ತಿದ್ದದ್ದು ಸೀಸದ ಬಣ್ಣ, ತಂಬಾಕಿನ ವಿಷದ ಹೊಗೆ, ರಾತ್ರಿ ಎದ್ದು ಬೆಂಕಿಗೆ ಕಲ್ಲಿದ್ದಲು ಹಾಕುವ ಹುಡುಗರ ನಿದ್ದೆ, ಇವುಗಳ ಮೇಲೆ. ತಂಬಾಕಿನ ಹೊಗೆ ಹಾಕುವ ದಿನ ಬಾಗಿಲು ಮುಚ್ಚಿ ಒಳಗಿರುತ್ತಿದ್ದವರ ಶ್ವಾಸಕೋಶಕ್ಕೆ ಏನಾಗುತ್ತಿತ್ತೆಂದು ಆಗ ಕೇಳಿದವರಿಲ್ಲ. ಇಂದಿನ ಗಾಜಿನ ಮನೆಗಳಲ್ಲಿ ತಿಗಣೆ, ನುಸಿಗಳನ್ನು ತಿನ್ನುವ ಪರಭಕ್ಷಕ ಕೀಟಗಳನ್ನು ಬಿಡುತ್ತಾರೆ. ಬಣ್ಣದಲ್ಲಿ ಸೀಸವಿಲ್ಲ. ಕೆಲಸಕ್ಕೆ ಗಂಟೆಯ ಮಿತಿಯಿದೆ, ಹೆಣ್ಣುಮಕ್ಕಳೂ ಕತ್ತರಿ ಹಿಡಿದು ದ್ರಾಕ್ಷಿ ಮನೆಯಲ್ಲಿ ನಿಲ್ಲುತ್ತಾರೆ. ಇವೆಲ್ಲ ಹಳೆಯ ಕ್ರಮದಿಂದ ಸರಿದ ನಡೆಗಳು, ಸರಿದದ್ದು ಒಳ್ಳೆಯದಕ್ಕೆ.

ಕಷ್ಟವಿರುವುದು ಬೇರೆ ಕಡೆ. 22 ಜನರ ಕೂಲಿಯನ್ನು ಹಿಂದೆ ಕೊಡುತ್ತಿದ್ದದ್ದು ಒಬ್ಬ ಭೂಮಾಲೀಕ, ಗೇಣಿಯ ಹಣದಿಂದ. ಈಗ ಕೊಡುವವರು ಟಿಕೆಟ್ ಕೊಂಡು ಬರುವ ಪ್ರವಾಸಿಗರು. ಪ್ರವಾಸಿಗರು ಬರುವುದು ಬೇಸಿಗೆಯಲ್ಲಿ. ಗಾಜಿನ ಮನೆಗೆ ಕೈ ಬೇಕಾಗುವುದು ಚಳಿಗಾಲದಲ್ಲಿ, ತೊಗಟೆ ಕೆರೆಯುವಾಗ, ಲದ್ದಿ ಬದಲಿಸುವಾಗ, ಬಿರುಗಾಳಿಗೆ ಜಾರಿದ ಗಾಜು ಮರಳಿ ಕೂರಿಸುವಾಗ. ಸ್ಮಿಟ್ ಅದೇ ಸೀಮೆಯಲ್ಲಿ 2001ರಲ್ಲಿ ತೆರೆದ ಈಡನ್ ಪ್ರಾಜೆಕ್ಟ್‌ನ ಬೃಹತ್ ಗೋಳಗಳಲ್ಲಿ ಗಾಜೇ ಇಲ್ಲ, ಗಾಳಿ ತುಂಬಿದ ತೆಳು ಪ್ಲಾಸ್ಟಿಕ್ ಹಾಳೆಗಳ ಮೆತ್ತೆಗಳಿವೆ. ಹೊಸದಾಗಿ ಕಟ್ಟುವವರಿಗೆ ಆ ದಾರಿಯೇ ಸರಿ. ಹಳೆಯದನ್ನು ಕೈಗೆತ್ತಿಕೊಳ್ಳುವವರು ಮಾತ್ರ ಚೌಕಟ್ಟಿಗೆ ಯಾವ ಮರ, ಎಷ್ಟು ಗಾಜು ಎಂದು ಕೇಳುವುದಕ್ಕೆ ಮುಂಚೆ, ಹತ್ತು ವರ್ಷದ ಜನವರಿ ತಿಂಗಳುಗಳಿಗೆ ತೋಟಗಾರರ ಸಂಬಳ ಎಲ್ಲಿಂದ ಬರುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಆ ಸಾಲು ಖಾಲಿಯಿದ್ದರೆ ಗಾಜಿಗೆ ಬೇಡಿಕೆ ಕೊಡುವುದನ್ನು ಮುಂದೂಡಲಿ. ಆ ಹಣದಲ್ಲಿ ಗೋಡೆಯ ತಲೆಗೆ ಗಾರೆ ಹಾಕಿ, ಐವಿ ಕಿತ್ತು, ಇಟ್ಟಿಗೆ ಉಳಿಸಿಕೊಂಡರೆ ಮುಂದಿನವರಿಗೆ ಕಟ್ಟಲು ಆಧಾರ ಇರುತ್ತದೆ.